ಪಿಸಿವಿ ಲಸಿಕೆ ಮೂರೂ ಡೋಸ್ ಆಗಿದೆ, ಆದರೂ ಮಗನ ಕಿವಿ ಸೋರುತ್ತಿದೆ. ಯಾಕೆ?

ಮದ್ದೂರಿನ ಅಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಒಂದು ವರ್ಷ ಐದು ತಿಂಗಳು. ಮೊನ್ನೆ ಎರಡು ದಿನ ನೆಗಡಿ ಇತ್ತು, ಮೂರನೇ ರಾತ್ರಿ ಜ್ವರ ಬಂತು. ಹನ್ನೆರಡು ಗಂಟೆಗೆ ಕಿರುಚಿಕೊಂಡು ಎದ್ದ. ಮಲಗಿಸಿದರೆ ಅಳು, ಹೆಗಲ ಮೇಲೆ ಹಾಕಿಕೊಂಡರೆ ಸ್ವಲ್ಪ ಸಮಾಧಾನ. ಬಲಗಿವಿಯನ್ನೇ ಎಳೆದುಕೊಳ್ಳುತ್ತಿದ್ದ. ಬೆಳಗಿನ ಜಾವ ಅಳು ತಟ್ಟನೆ ನಿಂತಿತು. ಸದ್ಯ ನಿದ್ದೆ ಬಂತಲ್ಲ ಅಂದುಕೊಂಡೆ. ಬೆಳಕಾದ ಮೇಲೆ ನೋಡಿದರೆ ದಿಂಬಿನ ಮೇಲೆ ಹಳದಿ ಕಲೆ, ಕಿವಿಯಿಂದ ಅಂಟಂಟಾಗಿ ಕೀವು.

ಹತ್ತನೇ ತಿಂಗಳಿಂದ ಇದು ಮೂರನೇ ಸಲ. ತಾಯಿ ಕಾರ್ಡ್ ತೆಗೆದು ನೋಡಿದೆ. ಪಿಸಿವಿ, ಅದೇ ನ್ಯುಮೋನಿಯಾ ಸೂಜಿ, ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ, ಮೂರೂ ಆಗಿದೆ. ಐದು ರೋಗಕ್ಕೆ ಒಟ್ಟಿಗೆ ಹಾಕುವ ಪೆಂಟಾ ಸೂಜಿ ಕೂಡ ಮೂರೂ ಆಗಿದೆ. ಮತ್ತೆ ಯಾಕೆ ಹೀಗೆ?

ನಮ್ಮತ್ತೆ "ಆ ಸೂಜಿ ಹಾಕಿಸಿದ್ದೇ ದಂಡ" ಅನ್ನುತ್ತಿದ್ದಾರೆ. ನಾದಿನಿಗೆ ಎರಡೂವರೆ ತಿಂಗಳ ಮಗು ಇದೆ. ಮೊದಲ ಡೋಸ್ ಆಗಿದೆ. ಇದನ್ನೆಲ್ಲ ಕೇಳಿ ಎರಡನೆಯದು ಬೇಡ ಅಂತ ಕೂತಿದ್ದಾಳೆ. ನನಗೆ ನನ್ನ ಮಗನ ಕಿವಿಗಿಂತ ಈಗ ಅದೇ ಜಾಸ್ತಿ ಚಿಂತೆ. ಗೊತ್ತಿರುವವರು ಹೇಳಿ.

ಕುವೆಂಪುನಗರದ ಅಪ್ಪ:
ಅಕ್ಕ, ನಮ್ಮ ಮನೆಯಲ್ಲೂ ಇದೇ ಕಥೆ. ಹಿಂದಿನ ಸಲ ಉಳಿದಿದ್ದ ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯಾಟಿಕ್ ಸಿರಪ್ ಫ್ರಿಜ್ಜಿನಲ್ಲಿತ್ತು. ಅದನ್ನೇ ಮೂರು ದಿನ ಕೊಟ್ಟೆವು. ಜ್ವರ ಜಗ್ಗಲಿಲ್ಲ. ಆಮೇಲೆ ಡಾಕ್ಟರು ಬೇರೆ ಸಿರಪ್ ಬರೆದರು, ಎರಡೇ ದಿನಕ್ಕೆ ಇಳಿಯಿತು. ಯಾಕೆ ಹಾಗಾಯಿತು ಅಂತ ಇವತ್ತಿಗೂ ಗೊತ್ತಿಲ್ಲ.

ಅಗ್ರಹಾರದ ಅಜ್ಜಿ:
ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಉಗುರು ಬೆಚ್ಚಗಿರುವಾಗ ಎರಡು ತೊಟ್ಟು ಬಿಡಮ್ಮ. ನನ್ನ ನಾಲ್ಕು ಮಕ್ಕಳಿಗೂ ಅದನ್ನೇ ಮಾಡಿದ್ದೆ.

ಮಕ್ಕಳ ಡಾಕ್ಟರ್, ಮೈಸೂರು:
ಅಜ್ಜಿ, ನಿಮ್ಮ ಅಕ್ಕರೆ ಅರ್ಥವಾಗುತ್ತದೆ. ಆದರೆ ಈ ಮಗುವಿಗೆ ದಯವಿಟ್ಟು ಎಣ್ಣೆ ಬೇಡ. ಅಳು ತಟ್ಟನೆ ನಿಂತು ಕೀವು ಬಂತು ಅಂದರೆ ಕಿವಿ ತಮಟೆಯಲ್ಲಿ ಸಣ್ಣ ತೂತಾಗಿದೆ ಅಂತ ಅರ್ಥ. ಒಳಗಿನ ಒತ್ತಡ ಇಳಿದಿದ್ದಕ್ಕೇ ನೋವು ಹೋಗಿದ್ದು. ಈಗ ಹಾಕಿದ ಎಣ್ಣೆ ಆ ತೂತಿನಿಂದ ನೇರ ತಮಟೆಯ ಹಿಂದಿನ ನಡುಗಿವಿಗೆ ಹೋಗುತ್ತದೆ. ಮೆಡಿಕಲ್ ಶಾಪಿನಿಂದ ಯಾವುದೋ ಡ್ರಾಪ್ಸ್ ತಂದು ಹಾಕುವುದೂ ಬೇಡ. ತಮಟೆ ತೂತಾಗಿರುವಾಗ ಕೆಲವು ಡ್ರಾಪ್ಸ್ ಕೇಳುವ ಶಕ್ತಿಗೇ ಪೆಟ್ಟು ಕೊಡಬಹುದು.

ಅಮ್ಮ, ಎರಡು ಪ್ರಶ್ನೆ. ಕೀವು ಬಂದ ಬೆಳಿಗ್ಗೆ ಮಗುವಿನ ಕಣ್ಣು ಹೇಗಿತ್ತು? ಕೆಂಪಾಗಿ ಗೀಜು ಬಂದಿತ್ತಾ? ಕೀವನ್ನು ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಿದ್ದಾರಾ?

ಮದ್ದೂರಿನ ಅಮ್ಮ:
ಮೇಡಂ, ನಿಮಗೆ ಹೇಗೆ ಗೊತ್ತಾಯಿತು? ಎರಡೂ ಕಣ್ಣು ಅಂಟಿಕೊಂಡಿತ್ತು, ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ ಬಿಡಿಸಿದೆ. ನೆಗಡಿಗೆ ಇರಬೇಕು ಅಂದುಕೊಂಡು ಡಾಕ್ಟರಿಗೂ ಹೇಳಲಿಲ್ಲ. ಅದೇ ದಿನ ಕಿವಿ ಒರೆಸಿ, ಒಳಗಿಂದ ಬರುತ್ತಿದ್ದ ಹೊಸ ಕೀವು ತೆಗೆದು ಕಳಿಸಿದ್ದಾರೆ. ರಿಪೋರ್ಟ್ ನಾಳಿದ್ದು.

ಮಕ್ಕಳ ಡಾಕ್ಟರ್, ಮೈಸೂರು:
ಕಣ್ಣಿನ ಗೀಜು ಮತ್ತು ಕಿವಿನೋವು ಒಟ್ಟಿಗೆ ಬಂದರೆ ನಾನು ಮೊದಲು ನೆನೆಯುವುದು ಹಿಮೋಫಿಲಸ್ ಅನ್ನುವ ಬ್ಯಾಕ್ಟೀರಿಯಾ. ಯಾವಾಗಲೂ ಅದೇ ಅಂತ ಅಲ್ಲ. ರಿಪೋರ್ಟ್ ಬರಲಿ.

ಲ್ಯಾಬ್ ಮೇಜಿನಿಂದ:
ನಾನು ಮೈಸೂರಿನ ಒಂದು ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮಕ್ಕಳ ಕಿವಿ ಕೀವಿನ ಸ್ವಾಬ್ ನನ್ನ ಮೇಜಿಗೆ ಬರುತ್ತಲೇ ಇರುತ್ತದೆ. ಅಕ್ಕ, ನಿಮ್ಮತ್ತೆಗೆ ಇದನ್ನು ಓದಿ ಹೇಳಿ: ಲಸಿಕೆ ದಂಡ ಆಗಿಲ್ಲ. ಅದಕ್ಕೆ ವಹಿಸಿದ ಕೆಲಸ ಅದು ಮಾಡುತ್ತಿದೆ. ಆದರೆ ಕಿವಿಗೆ ಬರುವ ಬ್ಯಾಕ್ಟೀರಿಯಾ ಒಂದೇ ಅಲ್ಲ.

ಮಕ್ಕಳ ಕಿವಿ ಸೋಂಕಿನಲ್ಲಿ ಮುಖ್ಯವಾಗಿ ಮೂರು ಕಾಣುತ್ತವೆ. ನ್ಯುಮೋಕಾಕಸ್, ಹಿಮೋಫಿಲಸ್ ಇನ್‌ಫ್ಲುಯೆಂಝೆ, ಮೊರಾಕ್ಸೆಲ್ಲಾ. ಮೂರೂ ಆರೋಗ್ಯವಾಗಿರುವ ಮಗುವಿನ ಮೂಗಿನ ಹಿಂಭಾಗದಲ್ಲೇ ಸುಮ್ನೆ ಇರುತ್ತವೆ. ಮೂಗಿನ ಹಿಂದಿನಿಂದ ಕಿವಿಗೆ ಒಂದು ನಾಳ ಇದೆ. ನಮ್ಮಲ್ಲಿ ಅದು ಉದ್ದ, ಇಳಿಜಾರು. ಚಿಕ್ಕ ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಮಟ್ಟಸ. ನೆಗಡಿಯಾದಾಗ ಆ ನಾಳ ಊದಿ ಕಟ್ಟಿಕೊಳ್ಳುತ್ತದೆ, ಕಿವಿಯೊಳಗೆ ನೀರು ನಿಲ್ಲುತ್ತದೆ, ಮೂಗಿನಲ್ಲಿದ್ದವು ಅಲ್ಲಿ ಬೆಳೆಯುತ್ತವೆ. ಆರು ತಿಂಗಳಿಂದ ಎರಡು ವರ್ಷದ ಮಕ್ಕಳಿಗೆ ಇದು ಜಾಸ್ತಿ ಆಗುವುದು ಅದಕ್ಕೇ.

ಪಿಸಿವಿ ತಡೆಯುವುದು ಈ ಮೂರರಲ್ಲಿ ನ್ಯುಮೋಕಾಕಸ್ ಒಂದನ್ನು ಮಾತ್ರ. ಅದರಲ್ಲೂ ಎಲ್ಲ ಬಗೆಯನ್ನಲ್ಲ. ನ್ಯುಮೋಕಾಕಸ್ ಮೈಮೇಲೆ ಸಕ್ಕರೆ ಜಾತಿಯ ಒಂದು ಹೊದಿಕೆ ಇರುತ್ತದೆ. ಆ ಹೊದಿಕೆಯ ಲೆಕ್ಕದಲ್ಲಿ 100ಕ್ಕೂ ಹೆಚ್ಚು ಬಗೆ ಇವೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ 2020ರ ಕೊನೆಗೆ ತಂದ ನ್ಯುಮೋಸಿಲ್ ಅನ್ನುವ ಪಿಸಿವಿಯಲ್ಲಿ 10 ಬಗೆಗೆ ರಕ್ಷಣೆ ಇದೆ. ಇನ್ನೊಂದು ಪಿಸಿವಿಯಲ್ಲಿ 13. ಮಕ್ಕಳಿಗೆ ತುಂಬ ಕೆಟ್ಟದ್ದು ಮಾಡುವ ಬಗೆಗಳನ್ನು ಆರಿಸಿ ಇದರಲ್ಲಿ ಸೇರಿಸಿರುತ್ತಾರೆ.

ಇದನ್ನು ಮೊದಲೇ ಅಳೆದು ನೋಡಿದವರಿದ್ದಾರೆ. ಫಿನ್ಲೆಂಡಿನಲ್ಲಿ 1,662 ಶಿಶುಗಳ ಮೇಲೆ ಮಾಡಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಆಗಿನ ಲಸಿಕೆಯಲ್ಲಿ 7 ಬಗೆ ಇದ್ದವು. ಆ ಏಳರಿಂದ ಬರುವ ಕಿವಿ ಸೋಂಕು ಶೇ 57 ಇಳಿಯಿತು. ಒಟ್ಟು ನ್ಯುಮೋಕಾಕಸ್ ಸೋಂಕು ಶೇ 34 ಇಳಿಯಿತು. ಆದರೆ ಎಲ್ಲ ಕಾರಣದ ಕಿವಿ ಸೋಂಕು ಸೇರಿಸಿ ನೋಡಿದರೆ ಇಳಿದಿದ್ದು ಶೇ 6 ಅಷ್ಟೇ. ಲಸಿಕೆಯಲ್ಲಿ ಇಲ್ಲದ ನ್ಯುಮೋಕಾಕಸ್ ಬಗೆಗಳು ಶೇ 33 ಏರಿದವು. ಹಿಮೋಫಿಲಸ್ ಕೂಡ ಸ್ವಲ್ಪ ಏರಿತು. ನಿಮ್ಮ ಮನೆಯಲ್ಲಿ ಕಾಣುತ್ತಿರುವುದು ಅದೇ ಶೇ 6ರ ಕಥೆ. ಒಳಗೆ ಆಗಿರುವ ಶೇ 57ರ ಕೆಲಸ ಕಣ್ಣಿಗೆ ಕಾಣುವುದಿಲ್ಲ.

ಪಾಂಡವಪುರದ ರೈತ:
ಮೇಡಂ, ನೀವು ಹೇಳಿದ್ದು ನನಗೆ ಗದ್ದೆ ನೆನಪು ಮಾಡಿತು. ಒಂದು ಕಳೆಗೆ ಔಷಧಿ ಹೊಡೆದರೆ ಮುಂದಿನ ಬೆಳೆಗೆ ಇನ್ನೊಂದು ಜಾತಿ ಎದ್ದಿರುತ್ತದೆ. ಹಾಗಾದರೆ ಲಸಿಕೆ ಹಾಕಿ ಏನು ಬಂತು? ಒಂದು ಹೋಗಿ ಇನ್ನೊಂದು ಬಂತು ಅಷ್ಟೇ ಅಲ್ವಾ? ಜಗಳಕ್ಕೆ ಕೇಳುತ್ತಿಲ್ಲ, ತಿಳಿದುಕೊಳ್ಳಲಿಕ್ಕೆ.

ಲ್ಯಾಬ್ ಮೇಜಿನಿಂದ:
ಅಣ್ಣ, ಹೋಲಿಕೆ ಸರಿಯಾಗಿಯೇ ಇದೆ. ಅಮೆರಿಕದಲ್ಲಿ ಹಾಗೇ ಆಯಿತು. ಅಲ್ಲಿ 2000ದಲ್ಲಿ 7 ಬಗೆಯ ಲಸಿಕೆ ಶುರುವಾಯಿತು. ಕೆಲವೇ ವರ್ಷದಲ್ಲಿ ರಾಚೆಸ್ಟರ್ ಊರಿನ ಡಾಕ್ಟರುಗಳು ಮಕ್ಕಳ ಕಿವಿಯಿಂದ ಸೂಜಿಯಲ್ಲಿ ನೀರು ತೆಗೆದು ನೋಡಿದಾಗ ಹಿಮೋಫಿಲಸ್ ಮುಂದೆ ಬಂದಿತ್ತು. ಆಮೇಲೆ ಲಸಿಕೆಯಲ್ಲಿ ಇಲ್ಲದ 19ಎ ಅನ್ನುವ ನ್ಯುಮೋಕಾಕಸ್ ತಲೆ ಎತ್ತಿತು. 2007ರಲ್ಲಿ ಅವರು ಬರೆದದ್ದು ಓದಿ ನನಗೆ ಎದೆ ಝಲ್ ಅಂದಿತ್ತು. ಮಕ್ಕಳ ಕಿವಿ ಸೋಂಕಿಗೆ ಅಂತ ಅಲ್ಲಿ ಒಪ್ಪಿಗೆ ಇದ್ದ ಯಾವ ಆಂಟಿಬಯಾಟಿಕ್ಕಿಗೂ ಬಗ್ಗದ 19ಎ ಸಿಕ್ಕಿತ್ತು. 2010ರಲ್ಲಿ 13 ಬಗೆಯ ಲಸಿಕೆ ಬಂತು, ಅದರಲ್ಲಿ 19ಎ ಸೇರಿಸಿದರು, ಅದು ಇಳಿಯಿತು. ನಮ್ಮ ನ್ಯುಮೋಸಿಲ್‌ನಲ್ಲೂ 19ಎ ಇದೆ. ಅವರು ಹತ್ತು ವರ್ಷ ಪಟ್ಟ ಪಾಡು ನಮ್ಮ ಮಕ್ಕಳು ಪಡಬೇಕಾಗಿಲ್ಲ.

ಆದರೆ ಒಂದು ಹೋಗಿ ಇನ್ನೊಂದು ಬಂದರೆ ಎರಡೂ ಸಮ ಅಂತ ಅಲ್ಲ. ಗದ್ದೆಯಲ್ಲೂ ಎಲ್ಲ ಕಳೆ ಒಂದೇ ಅಲ್ಲ ಅಲ್ವಾ? ನ್ಯುಮೋಕಾಕಸ್ ರಕ್ತಕ್ಕೆ ಇಳಿಯುತ್ತದೆ, ಶ್ವಾಸಕೋಶ ಹಿಡಿಯುತ್ತದೆ, ಮೆದುಳಿನ ಪೊರೆಗೆ ಹೋಗುತ್ತದೆ. ಮಗುವನ್ನು ಎರಡು ದಿನದಲ್ಲಿ ತೆಗೆದುಕೊಂಡು ಹೋಗುವ ಶಕ್ತಿ ಅದಕ್ಕಿದೆ. ಕಿವಿಯಲ್ಲಿ ಉಳಿಯುವ ಹಿಮೋಫಿಲಸ್, ಮೊರಾಕ್ಸೆಲ್ಲಾ ಬಹುಮಟ್ಟಿಗೆ ಕಿವಿಯಲ್ಲೇ ತೊಂದರೆ ಕೊಡುತ್ತವೆ. ಭಾರತದಲ್ಲಿ 2017ರಲ್ಲಿ ಹಿಮಾಚಲ ಪ್ರದೇಶ, ಬಿಹಾರ, ಉತ್ತರ ಪ್ರದೇಶದ ಕೆಲವು ಕಡೆ ಈ ಲಸಿಕೆ ಶುರುಮಾಡಿ, 2021ರಲ್ಲಿ ದೇಶಕ್ಕೆಲ್ಲ ತಂದದ್ದು ನ್ಯುಮೋನಿಯಾ ತಡೆಯಲಿಕ್ಕೆ. ಕಿವಿಗೆ ಸಿಕ್ಕಿದ್ದು ಅದರ ಜೊತೆಗೆ ಬಂದ ಲಾಭ.

ಆ ಲಾಭವೂ ಸಣ್ಣದಲ್ಲ. ಕ್ಯಾಲಿಫೋರ್ನಿಯಾದ ದೊಡ್ಡ ಅಧ್ಯಯನದಲ್ಲಿ ಕಿವಿ ಸೋಂಕು ಬರುವುದು ಶೇ 7ರಷ್ಟೇ ಇಳಿದಿದ್ದರೂ, ಒಳಗೆ ನಿಂತ ನೀರು ಹೊರಬರಲು ಕಿವಿಗೆ ಟ್ಯೂಬ್ ಹಾಕಿಸುವ ಆಪರೇಶನ್ ಸುಮಾರು ಶೇ 20 ಇಳಿದಿತ್ತು. ಅಂದರೆ ಮತ್ತೆ ಮತ್ತೆ ಬಂದು ಕಿವಿ ಕೆಡಿಸುವ ಮಟ್ಟದ ಸೋಂಕಿನ ಮೇಲೆ ಅದರ ಪರಿಣಾಮ ದೊಡ್ಡದು.

ಪಾಂಡವಪುರದ ರೈತ:
ಅರ್ಥವಾಯಿತು ಮೇಡಂ. ನಮ್ಮ ಅಕ್ಕನ ಮಗು ನ್ಯುಮೋನಿಯಾದಲ್ಲೇ ಹೋಗಿದ್ದು, ಈ ಲಸಿಕೆ ಬರುವ ಮುಂಚೆ. ಆ ಹೆಸರು ಕೇಳಿದರೆ ಇವತ್ತಿಗೂ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಮದ್ದೂರಿನ ಅಮ್ಮ:
ರಿಪೋರ್ಟ್ ಬಂತು. ಬರೆದಿರುವುದು ಹೀಗೆ: ಹಿಮೋಫಿಲಸ್ ಇನ್‌ಫ್ಲುಯೆಂಝೆ, ಬೀಟಾ ಲ್ಯಾಕ್ಟಮೇಸ್ ಪಾಸಿಟಿವ್. ಡಾಕ್ಟರು ಮೊದಲು ಕೊಟ್ಟಿದ್ದ ಸಿರಪ್ ನಿಲ್ಲಿಸಿ ಕ್ಲಾವುಲನೇಟ್ ಸೇರಿದ್ದು ಬರೆದರು. ನನಗೆ ಒಂದು ಗೊಂದಲ. ತಾಯಿ ಕಾರ್ಡಿನಲ್ಲಿ ಪೆಂಟಾ ಅಂತ ಇದೆಯಲ್ಲ, ಅದರಲ್ಲಿ ಹಿಮೋಫಿಲಸ್ಸಿಗೂ ಔಷಧಿ ಇದೆ ಅಂತ ಸಿಸ್ಟರ್ ಹೇಳಿದರು. ಅದೂ ಆಗಿದೆ, ಮತ್ತೆ ಇದು ಹೇಗೆ ಬಂತು?

ಲ್ಯಾಬ್ ಮೇಜಿನಿಂದ:
ಈ ಪ್ರಶ್ನೆ ತುಂಬ ಜನಕ್ಕೆ ಬರುತ್ತದೆ, ಕೇಳಿದ್ದು ಒಳ್ಳೆಯದಾಯಿತು. ಪೆಂಟಾದಲ್ಲಿ ಇರುವುದು ಹಿಬ್. ಅಂದರೆ ಬಿ ಅನ್ನುವ ಹೊದಿಕೆ ಹೊದ್ದ ಹಿಮೋಫಿಲಸ್ಸಿಗೆ ಮಾತ್ರ. ಲಸಿಕೆ ನಮ್ಮ ಮೈಗೆ ಕಲಿಸುವುದು ಆ ಹೊದಿಕೆಯ ಗುರುತನ್ನು. ಕಿವಿ ಸೋಂಕು ತರುವ ಹಿಮೋಫಿಲಸ್ಸಿಗೆ ಸಾಮಾನ್ಯವಾಗಿ ಹೊದಿಕೆಯೇ ಇರುವುದಿಲ್ಲ. ಹೊದಿಕೆ ಇಲ್ಲದ್ದನ್ನು ಹೊದಿಕೆ ನೋಡಿ ಹಿಡಿಯುವುದು ಹೇಗೆ? ಹಿಬ್ ಮೆದುಳು ಜ್ವರ ತರುವಂಥದ್ದು, ಅದನ್ನು ತಡೆಯುವ ಕೆಲಸ ಪೆಂಟಾ ಚೆನ್ನಾಗಿ ಮಾಡುತ್ತದೆ. ನಿಮ್ಮ ಮಗನಿಗೆ ಬಂದದ್ದು ಅದರ ದಾಯಾದಿ.

ಹೆಸರು ನೋಡಿ ಇನ್‌ಫ್ಲುಯೆಂಝಾ ಜ್ವರಕ್ಕೂ ಇದಕ್ಕೂ ಸಂಬಂಧ ಅಂದುಕೊಳ್ಳಬೇಡಿ. 1892ರಲ್ಲಿ ಫೈಫರ್ ಅನ್ನುವ ಜರ್ಮನ್ ವಿಜ್ಞಾನಿ ಫ್ಲೂ ತರುವುದೇ ಇದು ಅಂತ ತಪ್ಪು ತಿಳಿದರು. ಫ್ಲೂಗೆ ಕಾರಣ ವೈರಸ್ ಅಂತ ಆಮೇಲೆ ಗೊತ್ತಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು.

ಇನ್ನು ಬೀಟಾ ಲ್ಯಾಕ್ಟಮೇಸ್. ನಮ್ಮ ಮೇಜಿನ ಮೇಲೆ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಸ್ವಾಬ್ ಬಂದ ಕೂಡಲೇ ಎರಡು ತಟ್ಟೆಗೆ ಎಳೆಯುತ್ತೇವೆ. ಒಂದು ಕುರಿ ರಕ್ತ ಸೇರಿಸಿದ ಕೆಂಪು ತಟ್ಟೆ. ಇನ್ನೊಂದು ಅದೇ ರಕ್ತವನ್ನು ಬಿಸಿ ಮಾಡಿ ಒಡೆಸಿದ್ದು. ಕಾಫಿ ಡಿಕಾಕ್ಷನ್ನಿಗೆ ಹಾಲು ಬೆರೆತ ಬಣ್ಣಕ್ಕೆ ತಿರುಗಿರುತ್ತದೆ, ಚಾಕೊಲೇಟ್ ಅಗರ್ ಅನ್ನುತ್ತೇವೆ. ಹೆಸರಷ್ಟೇ ಚಾಕೊಲೇಟ್. ಇವನ್ನು ಒಂದು ಜಾರಿನೊಳಗಿಟ್ಟು, ಮೇಣದ ಬತ್ತಿ ಹಚ್ಚಿ ಮುಚ್ಚಳ ಮುಚ್ಚುತ್ತೇವೆ. ಬತ್ತಿ ತಾನೇ ಆರುತ್ತದೆ, ಬ್ಯಾಕ್ಟೀರಿಯಾಗೆ ಬೇಕಾದಷ್ಟು ಕಾರ್ಬನ್ ಡೈಆಕ್ಸೈಡ್ ಉಳಿಯುತ್ತದೆ.

ಮಾರನೇ ದಿನ ನ್ಯುಮೋಕಾಕಸ್ ಆಗಿದ್ದರೆ ಕೆಂಪು ತಟ್ಟೆಯಲ್ಲಿ ಸಣ್ಣ ಚುಕ್ಕೆಗಳು, ಸುತ್ತ ಹಸಿರು ಛಾಯೆ, ಹಳತಾದಂತೆ ಚುಕ್ಕೆಯ ನಡುವೆ ಕೇರಂ ಪಾನಿನ ಹಾಗೆ ತಗ್ಗು. ಮೊರಾಕ್ಸೆಲ್ಲಾ ಆದರೆ ಚುಕ್ಕೆಯನ್ನು ತಂತಿಯಲ್ಲಿ ತಳ್ಳಿದರೆ ಒಡೆಯದೆ ಇಡಿಯಾಗಿ ಜಾರುತ್ತದೆ. ಹಿಮೋಫಿಲಸ್ ಕೆಂಪು ತಟ್ಟೆಯಲ್ಲಿ ತಾನಾಗಿ ಬೆಳೆಯುವುದೇ ಇಲ್ಲ. ಚಾಕೊಲೇಟ್ ತಟ್ಟೆಯಲ್ಲಿ ಮಾತ್ರ, ಇಬ್ಬನಿ ಹನಿಯ ಹಾಗೆ ಬೂದು ಚುಕ್ಕೆ. ಆ ಚುಕ್ಕೆಯನ್ನು ನೈಟ್ರೋಸೆಫಿನ್ ಅನ್ನುವ ಹಳದಿ ಡಿಸ್ಕಿಗೆ ಸವರುತ್ತೇವೆ. ನೋಡನೋಡುತ್ತಿದ್ದಂತೆ ಹಳದಿ ಹೋಗಿ ಕೆಂಪಾದರೆ, ಅದು ಪೆನಿಸಿಲಿನ್ ಜಾತಿಯ ಔಷಧವನ್ನು ಒಡೆದು ಹಾಕುವ ಕಿಣ್ವ ತಯಾರಿಸುತ್ತಿದೆ ಅಂತ. ಅದೇ ಬೀಟಾ ಲ್ಯಾಕ್ಟಮೇಸ್. ಅಮಾಕ್ಸಿಸಿಲಿನ್ ಅದರ ಕೈಗೆ ಸಿಕ್ಕಿ ಒಡೆದುಹೋಗುತ್ತದೆ. ಕ್ಲಾವುಲನೇಟ್ ಆ ಕಿಣ್ವದ ಕೈ ಕಟ್ಟುತ್ತದೆ, ಆಗ ಅಮಾಕ್ಸಿಸಿಲಿನ್ ಕೆಲಸ ಮಾಡುತ್ತದೆ. ನ್ಯುಮೋಕಾಕಸ್ ಈ ಕಿಣ್ವ ಮಾಡುವುದಿಲ್ಲ. ಮೊರಾಕ್ಸೆಲ್ಲಾ ಹೆಚ್ಚುಕಡಿಮೆ ಯಾವಾಗಲೂ ಮಾಡುತ್ತದೆ. ಹಿಮೋಫಿಲಸ್ ಕೆಲವು ಮಾಡುತ್ತವೆ, ಕೆಲವು ಇಲ್ಲ.

ಕುವೆಂಪುನಗರದ ಅಣ್ಣ, ನಿಮ್ಮ ಮನೆಯಲ್ಲಿ ಆದದ್ದೂ ಬಹುಶಃ ಇದೇ. ಜೊತೆಗೆ, ನೀರು ಬೆರೆಸಿದ ಸಿರಪ್ ಫ್ರಿಜ್ಜಿನಲ್ಲಿಟ್ಟರೂ ಒಂದೆರಡು ವಾರದ ಮೇಲೆ ಬಾಳುವುದಿಲ್ಲ. ಉಳಿದದ್ದನ್ನು ಚೆಲ್ಲಿಬಿಡಿ.

ಕುವೆಂಪುನಗರದ ಅಪ್ಪ:
ಈಗಲೇ ಹೋಗಿ ಚೆಲ್ಲಿದೆ ಮೇಡಂ. ಹಾಗಾದರೆ ಕಿವಿನೋವಿಗೆ ಮೊದಲೇ ಕ್ಲಾವುಲನೇಟ್ ಇರುವುದನ್ನೇ ಕೊಟ್ಟರೆ ಆಗುವುದಿಲ್ಲವಾ?

ಮಕ್ಕಳ ಡಾಕ್ಟರ್, ಮೈಸೂರು:
ಬೇಡ. ಅದರಿಂದ ಭೇದಿ ಜಾಸ್ತಿ. ಸುಮ್ನೆ ಕೊಡುತ್ತಾ ಹೋದರೆ ನಾಳೆ ಅದಕ್ಕೂ ಬಗ್ಗದವು ಉಳಿಯುತ್ತವೆ. ಎಷ್ಟೋ ಕಿವಿನೋವು ಆಂಟಿಬಯಾಟಿಕ್ ಇಲ್ಲದೆಯೇ ಹೋಗುತ್ತದೆ. ಎರಡು ವರ್ಷ ದಾಟಿದ ಮಗು, ಜ್ವರ ಜಾಸ್ತಿ ಇಲ್ಲ, ನೋವು ತಡೆಯುವಷ್ಟಿದೆ, ಕೀವಿಲ್ಲ ಅಂದರೆ ಎರಡು ಮೂರು ದಿನ ಪ್ಯಾರಾಸಿಟಮಾಲ್ ಕೊಟ್ಟು ಕಾಯುತ್ತೇವೆ. ಆದರೆ ಕಾಯಬೇಕೋ ಬೇಡವೋ ಅನ್ನುವುದನ್ನು ಕಿವಿಯೊಳಗೆ ಲೈಟ್ ಬಿಟ್ಟು ತಮಟೆ ನೋಡಿದವರು ಹೇಳಬೇಕು. ಫೋನಿನಲ್ಲಿ ಆಗುವ ಕೆಲಸ ಅಲ್ಲ.

ಆರು ತಿಂಗಳಿಗಿಂತ ಚಿಕ್ಕ ಮಗು ಆದರೆ ಕಾಯಬೇಡಿ. ಕಿವಿಯ ಹಿಂದೆ ಊದಿ ಕೆಂಪಾಗಿದ್ದರೆ, ಕಿವಿ ಮುಂದಕ್ಕೆ ತಳ್ಳಿದ ಹಾಗೆ ಕಂಡರೆ, ಬಾಯಿ ಒಂದು ಕಡೆಗೆ ಎಳೆದಿದ್ದರೆ, ಕತ್ತು ಬಿಗಿದಿದ್ದರೆ ಅದೇ ಗಳಿಗೆ ದೊಡ್ಡ ಆಸ್ಪತ್ರೆಗೆ ಹೋಗಿ. ಸೋಂಕು ಕಿವಿ ಹಿಂದಿನ ಮೂಳೆಗೋ ಮೆದುಳಿನ ಕಡೆಗೋ ಹೋಗಿರಬಹುದು.

ಅಂಗನವಾಡಿ ಟೀಚರ್, ಮಂಡ್ಯ ತಾಲ್ಲೂಕು:
ನನ್ನದೂ ಒಂದು ಅನುಭವ ಹೇಳಲೇಬೇಕು. ನಮ್ಮ ಅಂಗನವಾಡಿಗೆ ಆಲೆಮನೆಯಲ್ಲಿ ಕೆಲಸ ಮಾಡುವವರ ಒಂದು ಹುಡುಗಿ ಬರುತ್ತಿದ್ದಳು. ಮೂರು ವರ್ಷ. ಕಬ್ಬಿನ ರಚ್ಚು ಉರಿಯುವ ಒಲೆಯ ಪಕ್ಕದಲ್ಲೇ ಅವರ ಗುಡಿಸಲು, ದಿನವಿಡೀ ಹೊಗೆ. ಮಗು ಮಲಗಿಕೊಂಡೇ ಬಾಟಲಿ ಹಾಲು ಕುಡಿಯುವುದು. ಯಾವಾಗಲೂ ಕಿವಿಯಲ್ಲಿ ಹತ್ತಿ. "ಸೋರುತ್ತೆ ಮಿಸ್, ದೊಡ್ಡವಳಾದರೆ ಹೋಗುತ್ತೆ" ಅನ್ನುತ್ತಿದ್ದರು ಅವರಮ್ಮ. ನಾನು ಹಾಡು ಹೇಳಿಕೊಡುವಾಗ ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ತುಂಟಿ ಅಂದುಕೊಂಡಿದ್ದೆ, ಎರಡು ಸಲ ಗದರಿದ್ದೂ ಉಂಟು. ಕೊನೆಗೆ ನೋಡಿದರೆ ಅವಳಿಗೆ ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ. ಆ ಗದರಿದ್ದು ಇವತ್ತಿಗೂ ನನಗೆ ಚುಚ್ಚುತ್ತದೆ.

ಲ್ಯಾಬ್ ಮೇಜಿನಿಂದ:
ಟೀಚರ್, ಅಂಥ ಹಳೇ ಸೋರುಗಿವಿಯ ಸ್ವಾಬ್ ಬಂದರೆ ನಮಗೆ ಸಿಗುವುದೇ ಬೇರೆ. ಹೆಚ್ಚಾಗಿ ಸ್ಯೂಡೋಮೊನಾಸ್, ತಟ್ಟೆಯೆಲ್ಲ ಹಸಿರು, ಒಂಥರಾ ಹಣ್ಣಿನ ವಾಸನೆ. ಇಲ್ಲದಿದ್ದರೆ ಸ್ಟೆಫೈಲೋಕಾಕಸ್. ತಮಟೆಯ ತೂತು ಮುಚ್ಚದೆ ಉಳಿದು ಹೊರಗಿನಿಂದ ಸೇರಿಕೊಂಡವು ಅವು. ಅದಕ್ಕೆ ಈಗಿನ ಲಸಿಕೆ ಯಾವುದೂ ಇಲ್ಲ. ಮೊದಲನೇ ಸೋಂಕನ್ನೇ ಸರಿಯಾಗಿ ನೋಡಿಕೊಂಡರೆ ಆ ಹಂತಕ್ಕೆ ಹೋಗುವುದು ಕಡಿಮೆ.

ಮಕ್ಕಳ ಡಾಕ್ಟರ್, ಮೈಸೂರು:
ಮದ್ದೂರಿನ ಅಮ್ಮ, ಟೀಚರ್ ಹೇಳಿದ್ದನ್ನು ಮನಸ್ಸಿನಲ್ಲಿಡಿ. ಕೀವು ನಿಂತು ಜ್ವರ ಹೋದ ಮೇಲೂ ಕಿವಿಯೊಳಗೆ ನೀರು ಉಳಿಯುತ್ತದೆ. ಔಷಧಿ ಕೆಲಸ ಮಾಡಿದ ಮಕ್ಕಳಲ್ಲೂ ಎರಡು ವಾರಕ್ಕೆ ಶೇ 60ರಿಂದ 70, ಒಂದು ತಿಂಗಳಿಗೆ ಶೇ 40, ಮೂರು ತಿಂಗಳಿಗೆ ಶೇ 10ರಿಂದ 25 ಮಕ್ಕಳಲ್ಲಿ ನೀರು ಇರುತ್ತದೆ. ಅದಕ್ಕೆ ಆಂಟಿಬಯಾಟಿಕ್ ಬೇಡ, ಆದರೆ ನಿಗಾ ಬೇಕು. ನೀರಿದ್ದಷ್ಟು ದಿನ ಶಬ್ದ ಮಂಕಾಗಿ ಕೇಳುತ್ತದೆ, ನಿಮ್ಮ ಮಗ ಮಾತು ಕಲಿಯುವ ವಯಸ್ಸು ಇದೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮಗೆ ಒಂದೂವರೆ ಗಂಟೆ ದಾರಿ. ಕಿವಿ ಒಣಗಿದ ಮೇಲೆ ಒಂದು ಸಲ ತೋರಿಸಿ. ಅಲ್ಲಿಯವರೆಗೆ ಸ್ನಾನದಲ್ಲಿ ಕಿವಿಗೆ ನೀರು ಹೋಗದ ಹಾಗೆ ನೋಡಿಕೊಳ್ಳಿ. ಎದೆಹಾಲು ಇದ್ದರೆ ಮುಂದುವರಿಸಿ, ಬಾಟಲಿ ಆದರೆ ತಲೆ ಎತ್ತರಿಸಿ ಕುಡಿಸಿ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೆ ಹೊರಗೆ ಕಳಿಸಿ.

ಅಗ್ರಹಾರದ ಅಜ್ಜಿ:
ನನ್ನ ಮೂರನೇ ಮಗನಿಗೆ ಎಡಗಿವಿ ಅರ್ಧಂಬರ್ಧ ಕೇಳುವುದು. ಅವನಿಗೂ ಚಿಕ್ಕವನಿದ್ದಾಗ ತುಂಬ ದಿನ ಸೋರುತ್ತಿತ್ತು. ಇದನ್ನೆಲ್ಲ ಆಗ ನಮಗೆ ಹೇಳುವವರು ಯಾರೂ ಇರಲಿಲ್ಲ ಕಣಮ್ಮ. ಡಾಕ್ಟರಮ್ಮ ಹೇಳಿದ ಹಾಗೆ ಮಾಡು.

ಮದ್ದೂರಿನ ಅಮ್ಮ:
ಐದು ವಾರ ಆಯಿತು, ಬರೆಯುವುದು ತಡವಾಯಿತು. ಹೊಸ ಸಿರಪ್ ಮೂರನೇ ದಿನಕ್ಕೆ ಕೀವು ನಿಂತಿತು. ತಮಟೆಯ ತೂತು ಮುಚ್ಚಿದೆ ಅಂತ ಡಾಕ್ಟರು ಹೇಳಿದರು. ಹೋದ ಸೋಮವಾರ ಮಾನಸಗಂಗೋತ್ರಿಗೆ ಕರೆದುಕೊಂಡು ಹೋಗಿದ್ದೆವು. ಅತ್ತೆ ತಾವೇ ಬರುತ್ತೇನೆ ಅಂದರು. ಕಿವಿಗೆ ಮೆತ್ತಗಿನ ರಬ್ಬರ್ ತುದಿ ಇಟ್ಟು, ಗಾಳಿಯ ಒತ್ತಡ ಬದಲಾಯಿಸಿ ಗೆರೆ ತೆಗೆದರು. ಎಡಗಿವಿಯ ಗೆರೆ ಗುಡ್ಡದ ಹಾಗೆ ಎದ್ದಿತ್ತು. ಬಲಗಿವಿಯದು ಚಪ್ಪಟೆ. ಒಳಗೆ ಇನ್ನೂ ನೀರಿದೆಯಂತೆ. ಆಮೇಲೆ ಒಂದು ಕೋಣೆಯಲ್ಲಿ ಅತ್ತೆಯ ತೊಡೆ ಮೇಲೆ ಕೂರಿಸಿ ಶಬ್ದ ಬಿಟ್ಟರು. ಜೋರಾದ ಶಬ್ದಕ್ಕೆ ತಿರುಗಿದ, ಮೆಲ್ಲಗಿನದಕ್ಕೆ ಸುಮ್ನೆ ಕೂತಿದ್ದ. ಅತ್ತೆಗೆ ಅದು ಕೇಳಿಸಿತ್ತು, ಮಗನಿಗೆ ಕೇಳಿಸಲಿಲ್ಲ. ಬಸ್ಸಿನಲ್ಲಿ ಶ್ರೀರಂಗಪಟ್ಟಣ ದಾಟುವವರೆಗೂ ಅವರು ಮಾತೇ ಆಡಲಿಲ್ಲ.

ಗಾಬರಿ ಬೇಡ, ಇನ್ನು ಎರಡು ತಿಂಗಳು ಬಿಟ್ಟು ಮತ್ತೆ ನೋಡೋಣ, ಅಷ್ಟರಲ್ಲಿ ಮುಖಕ್ಕೆ ಮುಖ ಕೊಟ್ಟು ಜಾಸ್ತಿ ಮಾತಾಡಿಸಿ ಅಂದಿದ್ದಾರೆ.

ನಾದಿನಿಯ ಮಗುವಿಗೆ ಮೊನ್ನೆ ಗುರುವಾರ ಪಿಸಿವಿ ಎರಡನೇ ಡೋಸ್ ಆಯಿತು. ಅತ್ತೆಯೇ ಎತ್ತಿಕೊಂಡು ಹೋಗಿದ್ದರು. ಒಂಬತ್ತು ತಿಂಗಳ ಡೋಸ್ ಯಾವ ವಾರಕ್ಕೆ ಬರುತ್ತದೆ ಅಂತ ಸಿಸ್ಟರ್ ಕೈಯಲ್ಲಿ ಕಾರ್ಡಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡು ಬಂದಿದ್ದಾರೆ.